ಒಂದೇ ಬಾನೆಟ್ ಮೇಲೆ ನಾಲ್ಕು ಕಾರ್ನೌಬಾ ವ್ಯಾಕ್ಸ್: ನನ್ನ ಅನುಭವ

ಕಾರಿನ ಪೇಂಟಿಗೆ ಹೊಳಪು, ರಕ್ಷಣೆ ಕೊಡಲು ಹಚ್ಚುವ ಕಾರ್ನೌಬಾ ವ್ಯಾಕ್ಸ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಯಾರ ಮಾತೂ ಸುಳ್ಳಲ್ಲ. ಆದರೆ ಒಬ್ಬರು ಹಚ್ಚಿದ್ದು ಹೊಸ ಕೆಂಪು ಕಾರಿಗೆ, ಇನ್ನೊಬ್ಬರು ಹಚ್ಚಿದ್ದು ಬಿಸಿಲಲ್ಲೇ ನಿಲ್ಲುವ ಹಳೇ ಬಿಳಿ ಕಾರಿಗೆ. ಒಬ್ಬರು ಮೊದಲು ಪಾಲಿಶ್ ಮಾಡಿ ಪೇಂಟಿನ ಗೆರೆ ಸವೆಸಿರುತ್ತಾರೆ, ಇನ್ನೊಬ್ಬರು ಬರೀ ತೊಳೆದಿರುತ್ತಾರೆ. ಹೀಗಿರುವಾಗ ವ್ಯಾಕ್ಸ್ ಮಾಡಿದ ಕೆಲಸ ಎಷ್ಟು, ಉಳಿದದ್ದರ ಕೆಲಸ ಎಷ್ಟು ಅಂತ ಬಿಡಿಸಿ ಹೇಳುವುದು ಹೇಗೆ?

ಅದಕ್ಕೇ ನಾನು ಒಂದೇ ಬಾನೆಟ್ಟನ್ನು ಮಾಸ್ಕಿಂಗ್ ಟೇಪಿನಿಂದ ಭಾಗ ಮಾಡಿ, ಪಕ್ಕಪಕ್ಕದಲ್ಲೇ ಹಚ್ಚಿ ನೋಡುತ್ತೇನೆ. ಕಾರು ಕಪ್ಪು ಬಣ್ಣದ್ದು. ಕಪ್ಪು ಪೇಂಟ್ ಮೇಲೆ ಗೆರೆ, ಮಬ್ಬು, ಒರೆಸದೆ ಉಳಿದ ವ್ಯಾಕ್ಸ್ ಎಲ್ಲವೂ ಕಣ್ಣಿಗೆ ಹೊಡೆಯುತ್ತವೆ. ಹೋಲಿಕೆಗೆ ಇದಕ್ಕಿಂತ ಒಳ್ಳೇ ಬಣ್ಣ ಇಲ್ಲ.

ಮೊದಲು ಡಬ್ಬಿಯೊಳಗೆ ಏನಿದೆ ನೋಡೋಣ. ಕಾರ್ನೌಬಾ ಒಂದು ತಾಳೆ ಜಾತಿಯ ಮರ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ, ಸಿಯಾರಾ, ಪಿಯಾವಿಯಂಥ ರಾಜ್ಯಗಳಲ್ಲಿ ಬೆಳೆಯುತ್ತದೆ. ಅಲ್ಲಿಯ ಬೇಸಗೆ ಕಠಿಣ. ಎಲೆಯೊಳಗಿನ ನೀರು ಆರಿಹೋಗದಂತೆ ಮರವೇ ಎಲೆಗಳ ಮೇಲೆ ಮೇಣದ ಪದರ ಕಟ್ಟಿಕೊಳ್ಳುತ್ತದೆ. ಎಲೆ ಕತ್ತರಿಸಿ ಒಣಗಿಸಿ ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಅದನ್ನು ಕರಗಿಸಿ ಸೋಸುತ್ತಾರೆ. ಇನ್ನೂ ಅರಳದ ಎಳೆ ಗರಿಗಳಿಂದ ಬಂದದ್ದು ತಿಳಿ ಹಳದಿ, ಅದನ್ನು ಟೈಪ್ 1 ಅಂತ ಕರೆಯುತ್ತಾರೆ. ಬಲಿತ ಎಲೆಗಳದ್ದು ಕಂದು ಬಣ್ಣಕ್ಕಿರುತ್ತದೆ, ದರ್ಜೆಯೂ ಕೆಳಗಿನದು. ಮಿಠಾಯಿಗೆ ಹೊಳಪು ಕೊಡಲು, ಮಾತ್ರೆಗಳ ಹೊದಿಕೆಗೆ ಕೂಡ ಇದೇ ಮೇಣ ಬಳಸುತ್ತಾರೆ. ಆಹಾರದ ಪಟ್ಟಿಯಲ್ಲಿ ಇದರ ಸಂಖ್ಯೆ ಇ903.

ಕಾರಿನ ಕೆಲಸಕ್ಕೆ ಮುಖ್ಯವಾದದ್ದು ಇದರ ಗಟ್ಟಿತನ. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಕಾರ್ನೌಬಾ ಕರಗಲು 82ರಿಂದ 86 ಡಿಗ್ರಿ ಬೇಕು. ಶುದ್ಧ ಕಾರ್ನೌಬಾ ಚೂರು ಕೈಯಲ್ಲಿ ಹಿಡಿದರೆ ಕಲ್ಲುಸಕ್ಕರೆ ಹಿಡಿದ ಹಾಗೆ. ಉಗುರು ಇಳಿಯುವುದಿಲ್ಲ, ಒತ್ತಿದರೆ ಚೂರಾಗುತ್ತದೆ. ಅದನ್ನು ಹಾಗೇ ಪೇಂಟ್ ಮೇಲೆ ಉಜ್ಜಲು ಬರುವುದಿಲ್ಲ. ಆದ್ದರಿಂದ ತಯಾರಕರು ಅದಕ್ಕೆ ದ್ರಾವಕ, ಎಣ್ಣೆ, ಜೇನುಮೇಣದಂಥ ಮೆತ್ತಗಿನ ಮೇಣ, ಸಿಲಿಕೋನ್, ಕೆಲವೊಮ್ಮೆ ಪಾಲಿಮರ್ ಸೇರಿಸುತ್ತಾರೆ. ನಾವು ಕೊಳ್ಳುವುದು ಈ ಮಿಶ್ರಣವನ್ನು.

ನಾನು ಒತ್ತಿ ಹೇಳಬೇಕಾದದ್ದು ಇದನ್ನೇ. ಡಬ್ಬಿಯ ಮೇಲೆ ಎಷ್ಟು ಶೇಕಡಾ ಕಾರ್ನೌಬಾ ಅಂತ ಬರೆದಿದೆ ಅನ್ನುವುದರಿಂದ ವ್ಯಾಕ್ಸಿನ ಗುಣ ಗೊತ್ತಾಗುವುದಿಲ್ಲ. ಆ ಶೇಕಡಾ ತೂಕದ ಲೆಕ್ಕವೋ, ಗಾತ್ರದ ಲೆಕ್ಕವೋ ಅಂತ ಎಷ್ಟೋ ಡಬ್ಬಿಗಳಲ್ಲಿ ಬರೆದಿರುವುದಿಲ್ಲ. ದ್ರಾವಕ ಆರಿಹೋದ ಮೇಲೆ ಪೇಂಟ್ ಮೇಲೆ ಉಳಿಯುವ ಪಾಲು ಬೇರೆಯೇ. ‘ಬಿಳಿ ಕಾರ್ನೌಬಾ’, ‘ದಂತವರ್ಣದ ಕಾರ್ನೌಬಾ’ ಅನ್ನುವುದೂ ಹಾಗೇ. ಅದು ಶುದ್ಧಮಾಡಿ ಬಣ್ಣ ತೆಗೆದ ಮೇಣ, ಬೇರೆ ಜಾತಿಯ ಮರದ್ದಲ್ಲ. ಕಾರ್ನೌಬಾ ಜೊತೆ ಏನು ಸೇರಿದೆ ಅನ್ನುವುದೇ ಹಚ್ಚುವ ಸುಲಭ, ನೋಟ, ಬಾಳಿಕೆ ಮೂರನ್ನೂ ನಿರ್ಧರಿಸುತ್ತದೆ.

ನಾನು ಹೋಲಿಕೆಗೆ ಇಟ್ಟುಕೊಂಡದ್ದು ನಾಲ್ಕು. ಕಾಲಿನೈಟ್ 476ಎಸ್, ಇದು ಗಟ್ಟಿ ಪೇಸ್ಟ್. ಅದೇ ತಯಾರಕರ 845, ಇದು ದ್ರವ. ಇದರ ಹೆಸರಲ್ಲೇ ಇನ್ಸುಲೇಟರ್ ವ್ಯಾಕ್ಸ್ ಅಂತಿದೆ. ಮೂರನೆಯದು ಪಿ21ಎಸ್, ಪ್ರದರ್ಶನದ ಕಾರುಗಳಿಗೆ ಅಂತ ಹೆಸರು ಮಾಡಿದ ಪೇಸ್ಟ್. ನಾಲ್ಕನೆಯದು ಡೋಡೊ ಜ್ಯೂಸ್ ಅವರ ಗಾಢ ಬಣ್ಣಗಳಿಗಾಗಿ ಮಾಡಿದ ಮೆತ್ತಗಿನ ವ್ಯಾಕ್ಸ್. ಕ್ಲೀನರ್ ವ್ಯಾಕ್ಸ್‌ಗಳನ್ನು ಬೇಕೆಂದೇ ಹೊರಗಿಟ್ಟೆ. ಅವುಗಳಲ್ಲಿ ಕೊಳೆ ತೆಗೆಯುವ ರಾಸಾಯನಿಕ ಅಥವಾ ಉಜ್ಜಿ ಸವೆಸುವ ನುಣ್ಣನೆಯ ಪುಡಿ ಇರುತ್ತದೆ, ಹಾಗಾಗಿ ಹಚ್ಚಿದಾಗ ಕಾಣುವ ಹೊಳಪಿನಲ್ಲಿ ಪಾಲಿಶ್ ಪಾಲೂ ಇರುತ್ತದೆ. ಮದರ್ಸ್ ಬ್ರಾಂಡಿನಲ್ಲಿ ಬರೀ ಕಾರ್ನೌಬಾ ವ್ಯಾಕ್ಸೂ ಇದೆ, ಕ್ಲೀನರ್ ವ್ಯಾಕ್ಸೂ ಇದೆ. ಡಬ್ಬಿ ಕೈಗೆತ್ತಿಕೊಳ್ಳುವಾಗ ಯಾವುದು ಅಂತ ಓದಿ ನೋಡಬೇಕು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಸರಿಯಲ್ಲ.

ಸಿದ್ಧತೆಗೆ ವ್ಯಾಕ್ಸ್ ಹಚ್ಚುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಹೊತ್ತು ಹಿಡಿಯುತ್ತದೆ. ಮೊದಲು ಬಕೆಟ್ ಎರಡು ಇಟ್ಟುಕೊಂಡು ತೊಳೆಯುತ್ತೇನೆ, ಒಂದು ಶಾಂಪೂ ನೀರಿಗೆ, ಇನ್ನೊಂದು ಕೈಗವಸು ಜಾಲಿಸಲು. ಆಮೇಲೆ ಐರನ್ ರಿಮೂವರ್ ಸಿಂಪಡಿಸುತ್ತೇನೆ. ಬ್ರೇಕ್ ಧೂಳಿನ ಕಬ್ಬಿಣದ ಕಣಗಳಿದ್ದರೆ ಅದು ನೇರಳೆ ಬಣ್ಣಕ್ಕೆ ತಿರುಗಿ ಹರಿಯುತ್ತದೆ. ಅದನ್ನು ತೊಳೆದು, ನೀರು ಜಾಸ್ತಿ ಇಟ್ಟುಕೊಂಡು ಕ್ಲೇ ಬಾರ್, ಅಂದರೆ ಪೇಂಟಿಗೆ ಅಂಟಿದ ಕಣಗಳನ್ನು ಎತ್ತುವ ಜೇಡಿಮಣ್ಣಿನಂಥ ಮುದ್ದೆ, ಆಡಿಸುತ್ತೇನೆ. ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಪೇಂಟ್ ಸವರಿದರೆ ಮರಳಿನಂತೆ ತಗುಲುವುದು ನಿಂತಿರಬೇಕು. ನಂತರ ಪಾಲಿಶ್. ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ, ಅಷ್ಟೇ. ಆದ್ದರಿಂದ ನುಣ್ಣನೆಯ ಪಾಲಿಶ್, ಮೆತ್ತಗಿನ ಪ್ಯಾಡ್ ಸಾಕು. ಕೊನೆಗೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸುತ್ತೇನೆ.

ಹೋಲಿಕೆ ಮಾಡುವವರು ಈ ಕೊನೆಯ ಹೆಜ್ಜೆಯನ್ನು ಬಿಡಲೇಬಾರದು. ಪಾಲಿಶ್‌ನಲ್ಲಿರುವ ಎಣ್ಣೆ ಸಣ್ಣ ಗೆರೆಗಳೊಳಗೆ ಕೂತು ಅವನ್ನು ಮುಚ್ಚಿರುತ್ತದೆ. ಒರೆಸದೆ ವ್ಯಾಕ್ಸ್ ಹಚ್ಚಿದರೆ ವ್ಯಾಕ್ಸಿಗೆ ಪೇಂಟ್ ಹಿಡಿತ ಸಿಗುವುದಿಲ್ಲ, ನಾವು ನೋಡುತ್ತಿರುವ ಹೊಳಪು ಯಾವುದರದ್ದು ಅಂತಲೂ ಗೊತ್ತಾಗುವುದಿಲ್ಲ.

ಬಾನೆಟ್ ಮೇಲೆ ಟೇಪ್ ಹಾಕಿ ಐದು ಪಟ್ಟಿ ಮಾಡಿದೆ. ನಾಲ್ಕಕ್ಕೆ ನಾಲ್ಕು ವ್ಯಾಕ್ಸ್, ಐದನೆಯದು ಖಾಲಿ. ಖಾಲಿ ಪಟ್ಟಿ ಇಲ್ಲದ ಹೋಲಿಕೆಯಲ್ಲಿ ನನಗೆ ನಂಬಿಕೆಯಿಲ್ಲ. ವ್ಯಾಕ್ಸ್ ಏನು ಕೊಟ್ಟಿತು ಅಂತ ತಿಳಿಯಬೇಕಾದರೆ ಏನೂ ಹಚ್ಚದ ಜಾಗ ಕಣ್ಣೆದುರಿಗಿರಬೇಕು, ಅಲ್ವಾ? ಪಟ್ಟಿಗಳನ್ನು ಮುಂದಿನಿಂದ ಹಿಂದಕ್ಕೆ ಉದ್ದವಾಗಿ ಎಳೆದೆ. ಬಾನೆಟ್ಟಿನ ಮುಂಭಾಗಕ್ಕೆ ಹುಳು, ಧೂಳು ಜಾಸ್ತಿ ಬಡಿಯುತ್ತದೆ, ನಡುವೆ ಎಂಜಿನ್ ಶಾಖ ಜಾಸ್ತಿ. ಉದ್ದ ಪಟ್ಟಿಯಾದರೆ ಪ್ರತಿ ವ್ಯಾಕ್ಸಿಗೂ ಮುಂಭಾಗದ ಹೊಡೆತ ಒಂದೇ ಥರ ಬೀಳುತ್ತದೆ. ಶಾಖದ ವ್ಯತ್ಯಾಸ ಪೂರ್ತಿ ಹೋಗುವುದಿಲ್ಲ, ಹಾಗಾಗಿ ಮುಂದಿನ ಸುತ್ತಿನಲ್ಲಿ ನಡುವಿನ ವ್ಯಾಕ್ಸ್ ಅಂಚಿಗೆ, ಅಂಚಿನದು ನಡುವಿಗೆ ಬದಲಿಸಿದೆ.

ಹಚ್ಚುವಾಗಲೇ ಒಂದೊಂದರ ಸ್ವಭಾವ ಗೊತ್ತಾಗತೊಡಗಿತು. 476ಎಸ್ ಗಟ್ಟಿ. ಒದ್ದೆ ಮಾಡಿ ಹಿಂಡಿದ ಫೋಮ್ ಪ್ಯಾಡನ್ನು ಡಬ್ಬಿಯಲ್ಲಿ ಅರ್ಧ ಸುತ್ತು ತಿರುಗಿಸಿದರೆ ಸಾಕು. ಅದಕ್ಕಿಂತ ಜಾಸ್ತಿ ತೆಗೆದರೆ ಒರೆಸಲು ಕೈ ನೋಯುತ್ತದೆ. ಇದನ್ನು ಪೂರ್ತಿ ಒಣಗಲು ಬಿಡದೆ, ಸ್ವಲ್ಪ ಮಂಜಾದ ಕೂಡಲೇ ಒರೆಸುವುದು ನನಗೆ ಸುಲಭವಾಗಿ ಕಂಡಿತು. 845 ಬಾಟಲಿ ಚಳಿಯಲ್ಲಿ ಗಟ್ಟಿಯಾಗುತ್ತದೆ. ಬಿಸಿ ನೀರಿನಲ್ಲಿ ನಿಲ್ಲಿಸಿ ಚೆನ್ನಾಗಿ ಕುಲುಕಿದರೆ ಹಾಲಿನ ಕೆನೆಯ ಹದಕ್ಕೆ ಬರುತ್ತದೆ. ಆಗ ಕೆಲವು ಹನಿಗಳಲ್ಲೇ ಒಂದು ದೊಡ್ಡ ಪ್ಯಾನೆಲ್ ಮುಗಿಯುತ್ತದೆ. ಪಿ21ಎಸ್ ಬೆಣ್ಣೆಯಂತೆ ಹರಡಿ, ಬಟ್ಟೆ ತಾಗಿದ ಕೂಡಲೇ ಬಿಟ್ಟು ಬರುತ್ತದೆ. ಒರೆಸಲು ಇಷ್ಟು ಹಗುರವಾದ ವ್ಯಾಕ್ಸ್ ನಾನು ಇನ್ನೊಂದು ಬಳಸಿಲ್ಲ. ಮೆತ್ತಗಿನ ವ್ಯಾಕ್ಸನ್ನು ಬೇಕಾದರೆ ಅಂಗೈಯಲ್ಲೇ ಉಜ್ಜಿ ಕರಗಿಸಿ ಹಚ್ಚಬಹುದು. ಕೈಯಲ್ಲಿ ಹಚ್ಚುವಾಗ ಪೇಂಟ್ ಮೇಲಿನ ಒಂದು ಸಣ್ಣ ಕಣವೂ ಬೆರಳಿಗೆ ಗೊತ್ತಾಗುತ್ತದೆ. ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಯಾವಾಗ ಒರೆಸಬೇಕು ಅನ್ನುವುದಕ್ಕೆ ಗಡಿಯಾರ ನೋಡುವುದಿಲ್ಲ. ತಾಪಮಾನ, ತೇವ ಬದಲಾದಂತೆ ಸಮಯವೂ ಬದಲಾಗುತ್ತದೆ. ಒಂದು ಮೂಲೆಯಲ್ಲಿ ಬೆರಳು ಎಳೆದು ನೋಡುತ್ತೇನೆ. ಗೆರೆ ಸ್ವಚ್ಛವಾಗಿ ಮೂಡಿದರೆ ಹದ ಬಂದಿದೆ. ಕಲೆಸಿದಂತೆ ಅಂಟಿದರೆ ಇನ್ನೂ ಕಾಯಬೇಕು. ಎರಡನೇ ಕೋಟ್ ಹಾಕುವುದು ದಪ್ಪ ಕಟ್ಟಲಿಕ್ಕಲ್ಲ, ಮೊದಲ ಸಲ ತಪ್ಪಿಹೋದ ಜಾಗ ತುಂಬಲಿಕ್ಕೆ. ಪೇಂಟ್ ಮೇಲೆ ಉಳಿಯುವ ಪದರ ಒಂದು ಮೈಕ್ರಾನಿಗಿಂತ ತೆಳು. ಮೇಲೆ ಮೇಲೆ ಹಚ್ಚಿದರೆ ಹೊಸ ಕೋಟಿನಲ್ಲಿರುವ ದ್ರಾವಕ ಹಳೆಯದನ್ನೇ ಸ್ವಲ್ಪ ಕರಗಿಸುತ್ತದೆ, ಉಳಿದದ್ದು ಬಟ್ಟೆಗೆ ಬರುತ್ತದೆ.

ಟೇಪ್ ತೆಗೆದ ಮೇಲೆ ಹೊಳಪಿನ ವಿಷಯ. ಬೆಳಕಿನ ಕೆಳಗೆ ನಾಲ್ಕೂ ಪಟ್ಟಿಗಳನ್ನು ದಿಟ್ಟಿಸಿ ನೋಡಿದೆ. ಖಾಲಿ ಪಟ್ಟಿಗೂ ವ್ಯಾಕ್ಸ್ ಹಚ್ಚಿದ್ದಕ್ಕೂ ವ್ಯತ್ಯಾಸ ಕಾಣುತ್ತದೆ. ಬಣ್ಣ ಸ್ವಲ್ಪ ಗಾಢವಾಗುತ್ತದೆ, ಒದ್ದೆಯಾದಂತೆ ಕಾಣುತ್ತದೆ. ಆದರೆ ನಾಲ್ಕರ ನಡುವೆ? ಮೆತ್ತಗಿನ ವ್ಯಾಕ್ಸಿನ ಪಟ್ಟಿ ಎಲ್ಲಕ್ಕಿಂತ ತುಸು ಆಳವಾಗಿ ಕಂಡಿತು, ಅದರಲ್ಲಿರುವ ಎಣ್ಣೆಯ ಕಾರಣಕ್ಕೆ. ಪಿ21ಎಸ್ ಅದರ ಹತ್ತಿರದಲ್ಲೇ ಇತ್ತು. ಉಳಿದ ಎರಡರ ನೋಟ ಸ್ವಲ್ಪ ಗಾಜಿನಂತೆ, ಚುರುಕು. ಇವೆಲ್ಲ ಹತ್ತಿರ ನಿಂತು, ಹೋಲಿಸಬೇಕು ಅಂತಲೇ ನೋಡಿದಾಗ ಕಾಣುವ ವ್ಯತ್ಯಾಸ. ಪಟ್ಟಿಗಳ ಜಾಗ ಗೊತ್ತಿಲ್ಲದವರಿಗೆ ತೋರಿಸಿದರೆ ಅವರು ಖಾಲಿ ಪಟ್ಟಿಯನ್ನು ಗುರುತಿಸಿದರು, ಉಳಿದದ್ದರಲ್ಲಿ ಒಬ್ಬರ ಆಯ್ಕೆ ಇನ್ನೊಬ್ಬರದಕ್ಕೆ ಹೊಂದಲಿಲ್ಲ. ಬೆಳ್ಳಿ ಅಥವಾ ಬಿಳಿ ಕಾರಿನಲ್ಲಿ ಇಷ್ಟೂ ಕಾಣುವುದಿಲ್ಲ. ಹೊಳಪಿನ ಬಹುಪಾಲು ಬರುವುದು ಪಾಲಿಶ್‌ನಿಂದ. ಗೆರೆ ತುಂಬಿದ ಪೇಂಟ್ ಮೇಲೆ ಯಾವ ವ್ಯಾಕ್ಸ್ ಹಚ್ಚಿದರೂ ಅಡಿಯಲ್ಲಿ ಗೆರೆ ಹಾಗೇ ಇರುತ್ತದೆ.

ಹೀಗೆ ನೋಟದಲ್ಲಿ ಒಂದರ ಪಕ್ಕ ಒಂದು ನಿಂತ ವ್ಯಾಕ್ಸ್‌ಗಳು ದಿನ ಕಳೆದಂತೆ ಬೇರೆಯಾದವು.

ನೀರು ಹೇಗೆ ನಿಲ್ಲುತ್ತದೆ ಅಂತ ನೋಡುವುದು ಎಲ್ಲರೂ ಮಾಡುವ ಪರೀಕ್ಷೆ. ಅದರಲ್ಲೂ ಎಚ್ಚರ ಬೇಕು. ಕೊಳೆ ಕೂತ ಬಾನೆಟ್ ಮೇಲೆ ವ್ಯಾಕ್ಸ್ ಚೆನ್ನಾಗಿದ್ದರೂ ನೀರು ಹನಿಯಾಗದೆ ಹರಡುತ್ತದೆ. ಅದಕ್ಕೆ ಮೊದಲು ತೊಳೆದೇ ನೋಡಬೇಕು. ತೊಳೆಯುವ ಶಾಂಪೂವಿನಲ್ಲಿ ವ್ಯಾಕ್ಸ್ ಅಥವಾ ಹೊಳಪಿನ ಅಂಶ ಇರಬಾರದು. ಇದ್ದರೆ ಖಾಲಿ ಪಟ್ಟಿಯ ಮೇಲೂ ನೀರು ಹನಿಗಟ್ಟುತ್ತದೆ. ಹನಿ ಎತ್ತರವಾಗಿ, ಗುಂಡಗೆ ನಿಂತಿತು ಅಂದಮಾತ್ರಕ್ಕೆ ರಕ್ಷಣೆ ಜಾಸ್ತಿ ಅಂತಲೂ ಅಲ್ಲ. ಸಿಲಿಕೋನ್ ಸೇರಿದರೂ ಹನಿ ಹಾಗೇ ನಿಲ್ಲುತ್ತದೆ. ಗುಂಡನೆಯ ಹನಿ ಬಿಸಿಲಲ್ಲಿ ಅಲ್ಲೇ ಆರಿದರೆ ನೀರಿನಲ್ಲಿರುವ ಸುಣ್ಣದ ಅಂಶ ಉಂಗುರದಂತೆ ಉಳಿಯುತ್ತದೆ. ಗಡಸು ನೀರಿರುವ ಕಡೆ ನೀರು ಹಾಳೆಯಂತೆ ಜಾರಿಹೋಗುವ ವ್ಯಾಕ್ಸೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ನನ್ನ ಬಾನೆಟ್ ಮೇಲೆ ಮೊದಲು ಸುಸ್ತಾದದ್ದು ಮೆತ್ತಗಿನ ವ್ಯಾಕ್ಸ್. ಕೆಲವೇ ವಾರಗಳಲ್ಲಿ ಅದರ ಪಟ್ಟಿಯಲ್ಲಿ ಹನಿಗಳು ಚಪ್ಪಟೆಯಾಗಿ, ಆಕಾರ ಕೆಟ್ಟು, ಖಾಲಿ ಪಟ್ಟಿಯ ಕಡೆಗೆ ವಾಲಿದವು. ಅದಾದ ಮೇಲೆ ಪಿ21ಎಸ್. 845 ಮತ್ತು 476ಎಸ್ ತಿಂಗಳುಗಟ್ಟಲೆ ನಿಂತವು, ಅವೆರಡರಲ್ಲಿ 476ಎಸ್ ಸ್ವಲ್ಪ ಮುಂದೆ. ಇದರಲ್ಲಿ ಆಶ್ಚರ್ಯವಿಲ್ಲ. ಬಿಸಿಲಲ್ಲಿ ನಿಂತ ಕಪ್ಪು ಬಾನೆಟ್ 70 ಡಿಗ್ರಿ ಮುಟ್ಟುವುದುಂಟು. ಕಾರ್ನೌಬಾ ಮಾತ್ರ ಇದ್ದಿದ್ದರೆ ಆ ಬಿಸಿಗೆ ಕರಗುತ್ತಿರಲಿಲ್ಲ, ಆದರೆ ಎಣ್ಣೆ, ಜೇನುಮೇಣ ಸೇರಿದ ಮಿಶ್ರಣ ಅದಕ್ಕಿಂತ ಬೇಗ ಮೆತ್ತಗಾಗುತ್ತದೆ. ಹಚ್ಚಲು ಸುಲಭ ಮಾಡಿದ ಅಂಶವೇ ಬಾಳಿಕೆಯನ್ನೂ ಕಡಿಮೆ ಮಾಡುತ್ತದೆ. ಈ ನಾಲ್ಕರಲ್ಲಿ ಎರಡನ್ನೂ ಪೂರ್ತಿಯಾಗಿ ಕೊಟ್ಟದ್ದು ನನಗೆ ಸಿಗಲಿಲ್ಲ. ಹತ್ತಿರ ಬಂದದ್ದು 845.

ತೊಳೆಯುವ ಕ್ರಮವೂ ಬಾಳಿಕೆಯನ್ನು ಬದಲಿಸುತ್ತದೆ. ಕ್ಷಾರ ಜಾಸ್ತಿ ಇರುವ ಕ್ಲೀನರ್, ಪಾತ್ರೆ ತೊಳೆಯುವ ಸೋಪು ಕಾರ್ನೌಬಾ ಮಿಶ್ರಣವನ್ನು ಬೇಗ ಎಬ್ಬಿಸುತ್ತವೆ. ಪಿಎಚ್ ಸಮವಾಗಿರುವ ಶಾಂಪೂ ಬಳಸಿದರೆ ಅದೇ ವ್ಯಾಕ್ಸ್ ಇನ್ನಷ್ಟು ದಿನ ನಿಲ್ಲುತ್ತದೆ. ಇನ್ನು ಹಕ್ಕಿ ಹಿಕ್ಕೆ. ಯಾವ ವ್ಯಾಕ್ಸೂ ಅದನ್ನು ಪೂರ್ತಿ ತಡೆಯುವುದಿಲ್ಲ. ಒರೆಸಲು ನಮಗೆ ಸ್ವಲ್ಪ ಹೊತ್ತು ಕೊಡುತ್ತದೆ, ಅಷ್ಟೇ. ಕಂಡ ಕೂಡಲೇ ನೀರು ಹಾಕಿ ನೆನೆಸಿ ತೆಗೆಯಬೇಕು, ಒಣಗಿದ್ದನ್ನು ಉಜ್ಜಬಾರದು.

ಪಾಲಿಮರ್ ಸೀಲೆಂಟ್, ಸಿರಾಮಿಕ್ ಕೋಟಿಂಗ್‌ನಂಥ ಕೃತಕ ಲೇಪಗಳು ಇರುವಾಗ ಕಾರ್ನೌಬಾ ಯಾಕೆ ಅಂತ ಕೇಳಬಹುದು. ಬಾಳಿಕೆ ಒಂದೇ ಬೇಕಾದರೆ ಖಂಡಿತ ಅವೇ ಮೇಲು, ಇದರಲ್ಲಿ ವಾದವಿಲ್ಲ. ನನಗೆ ಕಾರ್ನೌಬಾ ಬೇಕಾಗುವುದು ಅದು ಸುಲಭವಾಗಿ ಹೋಗುತ್ತದೆ ಅನ್ನುವುದಕ್ಕೂ ಹೌದು. ಸಿರಾಮಿಕ್ ಕೋಟಿಂಗ್ ಹಚ್ಚುವಾಗ ಎಲ್ಲಾದರೂ ಗಟ್ಟಿಯಾಗಿ ಕೂತುಬಿಟ್ಟರೆ ಪಾಲಿಶ್ ಮಾಡಿ ತೆಗೆಯಬೇಕಾಗುತ್ತದೆ. ಕಾರ್ನೌಬಾ ಹಾಗಲ್ಲ. ಅದೇ ವ್ಯಾಕ್ಸನ್ನು ಇನ್ನೊಂದು ಸಲ ತೆಳುವಾಗಿ ಹಚ್ಚಿ ಒರೆಸಿದರೆ ಉಳಿದ ಕಲೆಯೂ ಕರಗಿ ಬರುತ್ತದೆ. ಹೊಸದಾಗಿ ಕಲಿಯುವವರಿಗೆ ನಾನು ಇದನ್ನೇ ಮೊದಲು ಕೈಗೆ ಕೊಡುತ್ತೇನೆ. ಕೋಟಿಂಗ್ ಇರುವ ಕಾರಿನ ಮೇಲೆ ಮಾತ್ರ ವ್ಯಾಕ್ಸ್ ಹಚ್ಚುವುದಿಲ್ಲ. ಹಚ್ಚಿದರೆ ನೀರಿಗೆ ಸಿಗುವುದು ವ್ಯಾಕ್ಸಿನ ಮೈ, ಕೋಟಿಂಗ್‌ನದ್ದಲ್ಲ.

ಈಗ ನನ್ನ ಕಪಾಟಿನಲ್ಲಿ ನಾಲ್ಕೂ ಇವೆ, ಕೆಲಸ ಮಾತ್ರ ಹಂಚಿಕೊಂಡಿವೆ. ಮಳೆಗಾಲ ಶುರುವಾಗುವ ಮೊದಲು ಇಡೀ ಕಾರಿಗೆ 476ಎಸ್, ಪ್ಯಾನೆಲ್ಲಿಗೆ ಪ್ಯಾನೆಲ್ ಮುಗಿಸುತ್ತಾ ಹೋಗುತ್ತೇನೆ. ವರ್ಷದ ಉಳಿದ ಕಾಲಕ್ಕೆ 845. ಗಾಲಿಗಳ ರಿಮ್ಮಿಗೂ ಅದನ್ನೇ ಹಚ್ಚುತ್ತೇನೆ, ಬ್ರೇಕ್ ಧೂಳು ಸುಲಭವಾಗಿ ಬಿಡುತ್ತದೆ. ಕಾರು ಚೆನ್ನಾಗಿ ಕಾಣಬೇಕಾದ ದಿನದ ಹಿಂದಿನ ಸಂಜೆ ಪಿ21ಎಸ್. ಮೆತ್ತಗಿನ ವ್ಯಾಕ್ಸ್, ಬಿಡುವಾದ ಭಾನುವಾರ ನೆರಳಲ್ಲಿ ನಿಲ್ಲಿಸಿ, ಬರೀ ಬಾನೆಟ್ಟಿಗೆ, ಕೈಯಲ್ಲೇ. ಅದು ಬೇಗ ಹೋಗುತ್ತದೆ ಅಂತ ನನಗೆ ಬೇಸರವಿಲ್ಲ, ಮತ್ತೆ ಹಚ್ಚಲು ಒಂದು ಕಾರಣ ಸಿಗುತ್ತದೆ.