ಪಿಕಪ್‌ನ ಸೈಡ್ ಸ್ಟೆಪ್: ಒಂದನ್ನು ಉಳಿಸಿಕೊಂಡೆ, ಇನ್ನೊಂದನ್ನು ಬದಲಿಸಿದೆ

ಬಾಗಿಲು ತೆರೆದು ಗಾಡಿ ಹತ್ತುವಾಗ ಚಾಲಕನ ಬದಿಯ ಸೈಡ್ ಸ್ಟೆಪ್ (ಬಾಗಿಲ ಕೆಳಗೆ ಕಾಲಿಟ್ಟು ಹತ್ತುವ ಮೆಟ್ಟು) ‘ಕಿರ್’ ಎಂದು ಸಣ್ಣಗೆ ಸದ್ದು ಮಾಡುತ್ತಿದ್ದುದು ನನಗೆ ಕೆಲವು ವಾರಗಳಿಂದ ಗೊತ್ತಿತ್ತು. ಮೇಲಿನ ರಬ್ಬರ್ ಪ್ಯಾಡು ಸಡಿಲವಾಗಿರಬೇಕು ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟಿದ್ದೆ. ಒಂದು ದಿನ ಪಿಕಪ್ ತೊಳೆಯುತ್ತ ಸ್ಟೆಪ್ಪಿನ ಅಡಿಭಾಗವನ್ನು ಉಜ್ಜಿದಾಗ ಅಂಗೈಯಗಲದ ಬಣ್ಣದ ಹಕ್ಕಳೆಯೊಂದು ಕಳಚಿ ಕೈಗೇ ಬಂತು. ಅದರ ಹೊರಮೈ ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. ಒಳಮೈಗೆ ಅಂಟಿದ್ದ ತುಕ್ಕು ಪದರ ಪದರವಾಗಿದ್ದು, ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಮೇಲೆ ಥಳುಕು ಒಳಗೆ ಹುಳುಕು ಎನ್ನುತ್ತಾರಲ್ಲ, ಅದು ಅಕ್ಷರಶಃ ನನ್ನ ಅಂಗೈಯಲ್ಲಿತ್ತು.

ಅಂದೇ ಟಾರ್ಚು ಹಿಡಿದು ಗಾಡಿಯ ಕೆಳಗೆ ಮಲಗಿ ಎರಡೂ ಬದಿಯನ್ನು ನೋಡಿದೆ. ನನ್ನ ಗಾಡಿಯ ಸ್ಟೆಪ್ಪುಗಳು 76 ಮಿಲಿಮೀಟರ್ ವ್ಯಾಸದ ಉಕ್ಕಿನ ಕೊಳವೆಗಳು. ಹೊರಗೆ ಕಪ್ಪು ಪೌಡರ್ ಕೋಟಿಂಗ್ (ಪುಡಿಯಾಗಿ ಹಚ್ಚಿ ಕಾವಿನಲ್ಲಿ ಬೇಯಿಸಿದ ಬಣ್ಣ), ಎರಡು ತುದಿಗೂ ಪ್ಲಾಸ್ಟಿಕ್ ಮುಚ್ಚಳ, ಒಂದೊಂದು ಬದಿಗೆ ಮೂರು ಬ್ರಾಕೆಟ್. ಮುಂದಿನ ಚಕ್ರ ಸಿಡಿಸುವ ಕಲ್ಲುಗಳು ನೇರವಾಗಿ ಬಡಿಯುವುದು ಕೊಳವೆಯ ಮುಂಭಾಗಕ್ಕೆ, ಅದರಲ್ಲೂ ಅಡಿಗೆ. ಪೌಡರ್ ಕೋಟಿಂಗ್ ಗಟ್ಟಿಯಾದ ಪದರ ನಿಜ, ಆದರೆ ಒಮ್ಮೆ ಕಲ್ಲು ತಾಗಿ ಸೀಳಿತೆಂದರೆ ಆ ಸೀಳಿನೊಳಗೆ ನೀರು ಸೇರಿಕೊಂಡು ಬಣ್ಣದ ಕೆಳಗೇ ಹರಡುತ್ತ ಹೋಗುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಪದರವನ್ನು ಎತ್ತಿ ಗುಳ್ಳೆಯಾಗಿಸುತ್ತದೆ. ಆ ಬಳಿಕ ಕಾಪಾಡಬೇಕಾದ ಬಣ್ಣವೇ ತೇವ ಹಿಡಿದಿಡುವ ಚೀಲವಾಗುತ್ತದೆ.

ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿದೆ. ಪ್ರಯಾಣಿಕರ ಬದಿಯ ಕೊಳವೆ ಎಲ್ಲೆಡೆ ‘ಠಣ್’ ಎಂದಿತು. ಚಾಲಕನ ಬದಿಯದು ನಡುವಿನ ಬ್ರಾಕೆಟ್ ದಾಟಿದ ಮೇಲೆ ಒದ್ದೆ ಹಲಗೆ ತಟ್ಟಿದ ಹಾಗೆ ಮಂಕಾಗಿ ಸದ್ದು ಮಾಡಿತು. ಅಲ್ಲಿ ಸ್ಕ್ರೂಡ್ರೈವರ್ ತುದಿಯನ್ನು ಒತ್ತಿದೆ. ಬಲ ಹಾಕುವ ಮೊದಲೇ ಅದು ಒಳಗೆ ಇಳಿಯಿತು.

ಒಂದೇ ದಿನ ಕೂಡಿಸಿದ ಎರಡು ಸ್ಟೆಪ್ಪುಗಳಲ್ಲಿ ಒಂದು ಗಟ್ಟಿ, ಇನ್ನೊಂದು ಪೊಳ್ಳು ಏಕಾಯಿತು ಎಂಬುದು ನನ್ನನ್ನು ಬಹಳ ಕಾಡಿತು. ಉತ್ತರ ಸಿಕ್ಕಿದ್ದು ಕೊಳವೆಯ ಅಡಿಯಲ್ಲಿರುವ ನೀರು ಬಸಿಯುವ ತೂತುಗಳಲ್ಲಿ. ಹಿಂದೊಮ್ಮೆ ಗ್ಯಾರೇಜೊಂದರಲ್ಲಿ ಅಂಡರ್‌ಬಾಡಿ ಕೋಟಿಂಗ್ ಹೊಡೆಸಿದ್ದೆ. ಆಗ ಚಾಲಕನ ಬದಿಯಲ್ಲಿ ಆ ತೂತುಗಳ ಮೇಲೂ ಡಾಂಬರಿನಂತಹ ಕಪ್ಪು ಲೇಪವನ್ನು ಬಳಿದುಬಿಟ್ಟಿದ್ದರು. ಇನ್ನೊಂದು ಬದಿಯಲ್ಲಿ ಅವು ಹೇಗೋ ಉಳಿದುಕೊಂಡಿದ್ದವು. ತುದಿಯ ಮುಚ್ಚಳಗಳು ನೀರು ಬಿಗಿಯಲ್ಲ, ಪ್ಯಾಡಿನ ಸ್ಕ್ರೂ ತೂತುಗಳಿಂದಲೂ ನೀರು ಇಳಿಯುತ್ತದೆ. ಹೋಗಲು ದಾರಿಯಿಲ್ಲದ ಆ ನೀರು ಮಣ್ಣಿನೊಡನೆ ಕೂಡಿ ಕೊಳವೆಯನ್ನು ಒಳಗಿನಿಂದ ತಿಂದಿತ್ತು. ತುಕ್ಕು ತಡೆಯಲೆಂದು ಮಾಡಿಸಿದ ಕೆಲಸವೇ ತುಕ್ಕಿಗೆ ಮನೆ ಮಾಡಿಕೊಟ್ಟದ್ದನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ. ಅಂಡರ್‌ಬಾಡಿ ಕೋಟಿಂಗ್ ಮಾಡಿಸುವವರು ಕೆಲಸ ಮುಗಿದೊಡನೆ ಬಸಿತೂತುಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಬೇಕು.

ಬಿಚ್ಚುವ ಕೆಲಸಕ್ಕೆ ನಾನು ಅವಸರ ಮಾಡಲಿಲ್ಲ. ಪ್ರತಿ ಬ್ರಾಕೆಟ್ ಅನ್ನು ಗಾಡಿಯ ಮೈಗೆ ಹಿಡಿದಿರುವುದು ಎರಡು ಎಂ8 (8 ಮಿಲಿಮೀಟರ್ ದಪ್ಪದ) ಬೋಲ್ಟುಗಳು, ಅಂದರೆ 13ರ ಸ್ಪಾನರ್ ಹಿಡಿಯುವಂಥವು. ಅವು ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ಅಂಚಿನೊಳಗೆ ಬೆಸೆದಿರುವ ನಟ್ಟುಗಳಿಗೆ ಕೂರುತ್ತವೆ. ಒಳಗಿನ ನಟ್ಟು ಕಳಚಿ ಗಿರಗಿರನೆ ತಿರುಗತೊಡಗಿದರೆ ಅದನ್ನು ಹಿಡಿಯಲು ಬೇರೆ ದಾರಿಯಿಲ್ಲದೆ ತಗಡನ್ನೇ ಕತ್ತರಿಸಬೇಕಾಗುವ ಸಂದರ್ಭವೂ ಬರುತ್ತದೆ. ಆದ್ದರಿಂದ ವೈರ್ ಬ್ರಷ್‌ನಿಂದ ಬೋಲ್ಟಿನ ತಲೆಗಳನ್ನು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಎರಡು ಸಂಜೆ ಬಿಟ್ಟು ಬಿಟ್ಟು ಹೊಡೆದೆ. ಮೂರನೆಯ ದಿನ ಪ್ರತಿಯೊಂದನ್ನೂ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಕಚ್ಚಿಕೊಂಡದ್ದು ಬಿಟ್ಟಿತು ಎಂದು ಕೈಗೆ ತಿಳಿದ ಮೇಲೆ ಹಿಂದಕ್ಕೆ ತಿರುಗಿಸಿದೆ. ಅರ್ಧ ಸುತ್ತು ಬಿಡಿಸುವುದು, ಕಾಲು ಸುತ್ತು ಮರಳಿ ಬಿಗಿಯುವುದು, ಮತ್ತೆ ಎಣ್ಣೆ ಬಿಡುವುದು, ಹೀಗೆ. ಬೆಂಕಿಯ ಜ್ವಾಲೆ ಹಿಡಿದರೆ ಬೇಗ ಬಿಡುತ್ತದೆ ಎಂದು ಹಲವರು ಹೇಳುತ್ತಾರೆ. ಆದರೆ ಇಂಧನದ ಕೊಳವೆ, ಬ್ರೇಕ್ ಕೊಳವೆ ಮತ್ತು ವೈರಿಂಗ್ ಇರುವ ಜಾಗದ ಹತ್ತಿರ ಜ್ವಾಲೆ ತರುವುದು ನನಗೆ ಸರಿಕಾಣಲಿಲ್ಲ.

ಹನ್ನೆರಡರಲ್ಲಿ ಹನ್ನೊಂದು ಬೋಲ್ಟುಗಳು ಹೊರಗೆ ಬಂದವು. ಚಾಲಕನ ಬದಿಯ ಮುಂದಿನದೊಂದು ತಲೆ ಮುರಿದುಕೊಂಡಿತು. ಉಳಿದ ತುಂಡಿನ ನಡುಮಧ್ಯಕ್ಕೆ ಸೆಂಟರ್ ಪಂಚ್‌ನಿಂದ ಗುರುತು ಹಾಕಿ, ಮೊದಲು ಸಣ್ಣ ಡ್ರಿಲ್ ಬಿಟ್‌ನಿಂದ, ಬಳಿಕ ಹಂತ ಹಂತವಾಗಿ 6.8 ಮಿಲಿಮೀಟರ್‌ವರೆಗೆ ಕೊರೆದು, ಎಂ8 ಟ್ಯಾಪ್‌ನಿಂದ ನಟ್ಟಿನೊಳಗಿನ ಮರೆಯನ್ನು (ಬೋಲ್ಟು ತಿರುಗಿ ಕೂರುವ ಸುರುಳಿ ಗೀರುಗಳನ್ನು) ಮತ್ತೆ ಬಿಡಿಸಿದೆ. ಮಾತಿನಲ್ಲಿ ಒಂದು ಸಾಲು, ಕೆಲಸದಲ್ಲಿ ಅರ್ಧ ದಿನ. ಕೊನೆಯ ಬೋಲ್ಟು ಕಳಚುವ ಮೊದಲು ಕೊಳವೆಯ ಕೆಳಗೆ ಎರಡು ಸ್ಟ್ಯಾಂಡುಗಳ ಮೇಲೆ ಹಲಗೆ ಇಟ್ಟು ಆಧಾರ ಕೊಟ್ಟಿದ್ದೆ. ಮಲಗಿ ಕೆಲಸ ಮಾಡುವವನ ಎದೆಯ ಮೇಲೆ ಆ ಭಾರ ಬೀಳಬಾರದು.

ಪೊಳ್ಳಾದ ಸ್ಟೆಪ್ಪನ್ನು ವೆಲ್ಡಿಂಗ್ ಮಾಡುವವರೊಬ್ಬರಿಗೆ ತೋರಿಸಿದೆ. ಅವರು ಅದನ್ನು ತಿರುಗಿಸಿ ನೋಡಿ, “ಬೆಸುಗೆ ಹಾಕೋಕೆ ಇಲ್ಲಿ ತಗಡೇ ಉಳಿದಿಲ್ಲ ಸಾರ್, ರಾಡ್ ತಾಗಿಸಿದರೆ ತೂತು ಇನ್ನೂ ದೊಡ್ಡದಾಗುತ್ತೆ,” ಎಂದರು. ಮೇಲೊಂದು ಪಟ್ಟಿ ಹಚ್ಚಿ ಬಣ್ಣ ಬಳಿದರೆ ನೋಟಕ್ಕೆ ಸರಿಹೋಗುತ್ತಿತ್ತು. ಆದರೆ ಗಾಡಿ ಹತ್ತುವವರ ಪೂರ್ತಿ ಭಾರ ಒಂದೇ ಕಾಲಿನ ಮೇಲೆ, ಅದೂ ಬಾಡಿಯಿಂದ ಹೊರಚಾಚಿದ ಕೊಳವೆಯ ಮೇಲೆ ಬೀಳುತ್ತದೆ. ಮೇಲ್ಮೈಯ ತುಕ್ಕನ್ನು ತೆಗೆದು ಬಣ್ಣ ಹೊಡೆಯಬಹುದು. ತೂತು ಬಿದ್ದಿದ್ದರೆ ಅಥವಾ ಬ್ರಾಕೆಟ್ಟಿನ ಬೆಸುಗೆಯ ಬುಡದಲ್ಲಿ ಬಿರುಕು ಕಂಡರೆ ಬದಲಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಉಳಿಸಿಕೊಂಡ ಸ್ಟೆಪ್ಪಿನ ಮೇಲೆ ನಾನು ಕಳೆದ ಸಮಯದಲ್ಲಿ ಮುಕ್ಕಾಲು ಪಾಲು ಬಣ್ಣ ಹೊಡೆಯುವ ಮುಂಚಿನದು. ಪ್ಯಾಡು, ಮುಚ್ಚಳ, ಕ್ಲಿಪ್ಪುಗಳನ್ನೆಲ್ಲ ತೆಗೆದು ಸೋಪಿನ ನೀರಿನಿಂದ ತೊಳೆದು, ಒಣಗಿದ ಮೇಲೆ ಜಿಡ್ಡು ತೆಗೆಯುವ ದ್ರಾವಕದಿಂದ ಒರೆಸಿದೆ. ಉಜ್ಜುವ ಮೊದಲೇ ಜಿಡ್ಡು ಹೋಗಬೇಕು, ಇಲ್ಲವಾದರೆ ಗ್ರೈಂಡರ್ ಅದನ್ನು ಗೀರುಗಳೊಳಗೆ ತುಂಬಿಸಿಬಿಡುತ್ತದೆ. ಆಮೇಲೆ ಗ್ರೈಂಡರಿಗೆ ವೈರ್ ಕಪ್ (ಬಟ್ಟಲಿನಾಕಾರದ ತಂತಿ ಬ್ರಷ್) ಹಾಕಿ ಗುಳ್ಳೆಯೆದ್ದ ಬಣ್ಣವನ್ನು ಕಿತ್ತೆ. ವೈರ್ ಕಪ್‌ನಿಂದ ಸೂಜಿಯಂತಹ ತಂತಿಗಳು ಸಿಡಿಯುತ್ತವೆ. ಕನ್ನಡಕವೊಂದೇ ಸಾಲದು, ಮುಖ ಪೂರ್ತಿ ಮುಚ್ಚುವ ಕವಚ, ದಪ್ಪ ಕೈಗವಸು ಮತ್ತು ಧೂಳಿಗೆ ಮಾಸ್ಕ್ ಇರಲೇಬೇಕು. ಗಟ್ಟಿಯಾಗಿ ಅಂಟಿಕೊಂಡಿದ್ದ ಬಣ್ಣವನ್ನು ಹಾಗೆಯೇ ಬಿಟ್ಟು, ಅದರ ಅಂಚನ್ನು 80, 120, 180 ನಂಬರಿನ ಎಮೆರಿ ಪೇಪರ್‌ನಿಂದ ಕ್ರಮವಾಗಿ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಏರುತಗ್ಗು ತಾಗದಷ್ಟು ಇಳಿಜಾರು ಮಾಡಿದೆ. ಬೆರಳಿಗೆ ತಾಗುವ ಅಂಚು ಎಷ್ಟು ಕೋಟು ಹೊಡೆದರೂ ಕಣ್ಣಿಗೂ ಕಾಣುತ್ತದೆ.

ಕೊಳವೆಯ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಳಿಗಳಿದ್ದವು. ಅವುಗಳ ತಳದ ತುಕ್ಕಿಗೆ ತಂತಿ ಮುಟ್ಟುವುದಿಲ್ಲ. ಅಲ್ಲಿಗೆ ಫಾಸ್ಫರಿಕ್ ಆಮ್ಲವಿರುವ ತುಕ್ಕು ಪರಿವರ್ತಕವನ್ನು ಬ್ರಷ್‌ನಿಂದ ಹಚ್ಚಿದೆ. ಕೆಂಪು ತುಕ್ಕು ನೋಡನೋಡುತ್ತಿದ್ದಂತೆ ಕಪ್ಪಾಗುತ್ತ ಬಂತು. ಒಂದು ದಿನ ಬಿಟ್ಟು, ಉಳಿದ ಆಮ್ಲವನ್ನು ತೊಳೆದು, ಪೂರ್ತಿ ಒಣಗಿಸಿ, ಲಘುವಾಗಿ ಉಜ್ಜಿದೆ. ಈ ಹಂತದಲ್ಲಿ ಸತುವಿನ ಪ್ರೈಮರ್ ಹೊಡೆಯುವ ಆಸೆಯಾಗಿತ್ತು. ಆದರೆ ಸತುವು ತಾನು ಕರಗಿ ಉಕ್ಕನ್ನು ಕಾಯಬೇಕಾದರೆ ಬೆತ್ತಲೆ ಉಕ್ಕಿಗೆ ನೇರವಾಗಿ ತಾಗಿರಬೇಕು. ಪರಿವರ್ತಕದ ಪದರದ ಮೇಲೆ ಹೊಡೆದರೆ ಅದು ಬರೀ ಬೂದು ಬಣ್ಣವಷ್ಟೇ. ಹಾಗಾಗಿ ಎಪಾಕ್ಸಿ ಪ್ರೈಮರ್ ಆರಿಸಿಕೊಂಡು, 20ರಿಂದ 25 ಸೆಂಟಿಮೀಟರ್ ದೂರದಿಂದ ತೆಳುವಾಗಿ ಎರಡು ಕೋಟು ಹೊಡೆದೆ. ಗಾಳಿಯಲ್ಲಿ ತೇವಾಂಶ ಶೇಕಡಾ 85ಕ್ಕಿಂತ ಕಡಿಮೆ ಇರಬೇಕು, ಲೋಹದ ಮೈ ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು ಎಂಬುದು ಬಣ್ಣದ ಕೆಲಸದವರ ಹಳೆಯ ನಿಯಮ. ಮುಂಜಾನೆಯ ತಂಪಿನಲ್ಲಿ ಕಣ್ಣಿಗೆ ಕಾಣದ ತೇವ ಕೊಳವೆಯ ಮೇಲಿರುತ್ತದೆ; ಬಿಸಿಲೇರುವವರೆಗೆ ಕಾದೆ.

ಇಲ್ಲೊಂದು ತಪ್ಪನ್ನೂ ಹೇಳಬೇಕು. ಬ್ರಾಕೆಟ್ಟುಗಳಿಗೆ ಸಾಮಾನ್ಯ ಸ್ಪ್ರೇ ಡಬ್ಬಿಯ ಎನಾಮಲ್ ಸಾಕೆಂದು ಸಂಜೆ ಒಂದು ಕೋಟು ಹೊಡೆದು, ಮರುದಿನ ಬೆಳಿಗ್ಗೆ ಎರಡನೆಯದನ್ನು ಹೊಡೆದೆ. ಐದೇ ನಿಮಿಷದಲ್ಲಿ ಇಡೀ ಮೈ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ, ಮುಂದಿನ ಕೋಟನ್ನು 1 ಗಂಟೆಯೊಳಗೆ ಅಥವಾ 48 ಗಂಟೆಗಳ ನಂತರ ಹೊಡೆಯಬೇಕೆಂದು ಬರೆದಿತ್ತು. ಅರ್ಧಂಬರ್ಧ ಗಟ್ಟಿಯಾದ ಮೊದಲ ಪದರವನ್ನು ಹೊಸ ಕೋಟಿನ ದ್ರಾವಕ ಉಬ್ಬಿಸಿ ಎಬ್ಬಿಸುತ್ತದೆ. ಎಲ್ಲವನ್ನೂ ಕೆರೆದು ತೆಗೆದು, ಮೊದಲಿನಿಂದ ಮಾಡಿದೆ.

ಮತ್ತೆ ಪೌಡರ್ ಕೋಟಿಂಗ್ ಮಾಡಿಸಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಮರಳು ಚಿಮ್ಮಿಸಿ ಉಕ್ಕನ್ನು ಬೆಳ್ಳಗೆ ಮಾಡಿ, ಒಳ್ಳೆಯ ಪ್ರೈಮರ್ ಮೇಲೆ ಮಾಡಿದರೆ ಅದು ಉತ್ತಮವೇ. ಆದರೆ ಅದನ್ನು ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸಬೇಕು, ಹಳೆಯ ಕೊಳವೆಯ ಸಂದುಗಳಲ್ಲಿ ಅಡಗಿದ ಎಣ್ಣೆ ಆ ಕಾವಿಗೆ ಹೊರಬಂದು ಪದರದಲ್ಲಿ ತೂತು ಮಾಡುತ್ತದೆ. ಕಲ್ಲು ಬಡಿದು ಮತ್ತೆ ಸೀಳಿದಾಗ ಮನೆಯಲ್ಲಿ ಸರಿಪಡಿಸುವುದೂ ಸುಲಭವಲ್ಲ. ನಾನು ಮೇಲಿನ ಕೋಟಿಗೆ ಪಿಕಪ್‌ನ ಸರಕಿನ ತೊಟ್ಟಿಗೆ ಬಳಿಯುವ ತರಿತರಿಯಾದ ಲೇಪವನ್ನು ಆರಿಸಿದೆ. ಅದು ಕಲ್ಲಿನ ಪೆಟ್ಟನ್ನು ಸ್ವಲ್ಪ ನುಂಗಿಕೊಳ್ಳುತ್ತದೆ, ಒದ್ದೆ ಚಪ್ಪಲಿಗೂ ಹಿಡಿತ ಕೊಡುತ್ತದೆ, ಗೀರು ಬಿದ್ದಲ್ಲಿ ಬ್ರಷ್‌ನಿಂದ ತೇಪೆ ಹಚ್ಚಿದರೆ ಗೊತ್ತಾಗುವುದಿಲ್ಲ. ಎರಡು ಭಾಗ ಬೆರೆಸುವ ಇಂತಹ ಲೇಪಗಳಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇರುವುದು ಸಾಮಾನ್ಯ; ಸಿಂಪಡಿಸಿದರೆ ಅದರ ಮಂಜು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ತಕ್ಕ ಉಸಿರಾಟದ ಸಲಕರಣೆ ನನ್ನಲ್ಲಿ ಇಲ್ಲದ್ದರಿಂದ ಒಂದೇ ಡಬ್ಬಿಯ, ನೀರು ಆಧಾರಿತ ಲೇಪವನ್ನು ತಂದು ಬಯಲಿನಲ್ಲಿ ರೋಲರಿನಿಂದ ಬಳಿದೆ.

ಬದಲಿ ಸ್ಟೆಪ್ ಕೊಳ್ಳುವಾಗ ಸ್ಟೇನ್‌ಲೆಸ್ ಸ್ಟೀಲಿನ ಹೊಳಪು ನನ್ನನ್ನೂ ಸೆಳೆಯಿತು. ಆದರೆ ನಾನು ನೋಡಿದ ಮಾದರಿಯಲ್ಲಿ ಕೊಳವೆ ಮಾತ್ರ ಸ್ಟೇನ್‌ಲೆಸ್, ಬ್ರಾಕೆಟ್ಟು ಸಾಧಾರಣ ಉಕ್ಕು. ದೊಡ್ಡ ಸ್ಟೇನ್‌ಲೆಸ್ ಭಾಗಕ್ಕೆ ತಾಗಿರುವ ಸಣ್ಣ ಸಾಧಾರಣ ಉಕ್ಕು, ನೀರು ಸೇರಿದಾಗ, ಒಂಟಿಯಾಗಿರುವುದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ನನಗೆ ಹಳೆಯ ಮಾದರಿಯದೇ ಉಕ್ಕಿನ ಸ್ಟೆಪ್ ಬಿಡಿಯಾಗಿ ಸಿಕ್ಕಿದ್ದರಿಂದ ಅದನ್ನೇ ತಂದೆ. ಕೂಡಿಸುವ ಮೊದಲು ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದರೆ ಒಳಗೆ ಬಣ್ಣದ ಹನಿಯೂ ಇರಲಿಲ್ಲ, ಬೆತ್ತಲೆ ಉಕ್ಕು. ಒಂದು ಬಸಿತೂತು ಪೌಡರಿನಿಂದ ಅರ್ಧ ಮುಚ್ಚಿತ್ತು. ತೂತನ್ನು ದುಂಡು ಅರದಿಂದ ಬಿಡಿಸಿ, ಅದರ ಅಂಚಿಗೆ ಬಣ್ಣ ಮುಟ್ಟಿಸಿದೆ. ಬಳಿಕ ಸುತ್ತಲೂ ಚಿಮ್ಮುವ ಉದ್ದನೆಯ ನಳಿಕೆಯಿಂದ ಎರಡೂ ಕೊಳವೆಗಳ ಒಳಗೆ ಕ್ಯಾವಿಟಿ ವ್ಯಾಕ್ಸ್ (ಪೊಳ್ಳು ಭಾಗಗಳ ಒಳಗೆ ತುಕ್ಕು ತಡೆಯುವ ಮೇಣ) ಹೊಡೆದು, ಬಸಿತೂತುಗಳಿಂದ ಅದು ತೊಟ್ಟಿಕ್ಕುವುದನ್ನು ಕಂಡ ಮೇಲೆಯೇ ನಿಲ್ಲಿಸಿದೆ. ಇಡೀ ಕೆಲಸದಲ್ಲಿ ಒಂದೇ ಒಂದು ಹಂತವನ್ನು ಮಾತ್ರ ಮಾಡಲು ಸಮಯವಿದ್ದರೆ ನಾನು ಇದನ್ನೇ ಮಾಡುತ್ತೇನೆ. ಎರಡು ಬದಿಯ ಮೈ ಒಂದೇ ಥರ ಕಾಣಲೆಂದು ಹೊಸ ಸ್ಟೆಪ್ಪಿನ ಹೊಳಪನ್ನು 320ರ ಪೇಪರ್‌ನಿಂದ ಮಾಸಲು ಮಾಡಿ ಅದೇ ತರಿ ಲೇಪ ಬಳಿದೆ. ಗಟ್ಟಿಯಾಗಲು ಏಳು ದಿನ ಯಾರೂ ಮುಟ್ಟದಂತೆ ಬಿಟ್ಟೆ.

ಕೂಡಿಸುವಾಗ ಬಾಡಿಯಲ್ಲಿ ಬ್ರಾಕೆಟ್ ಕೂರುವ ಜಾಗವನ್ನು ಒರೆಸಿ, ಬಣ್ಣ ಎದ್ದಲ್ಲಿ ಮುಟ್ಟಿಸಿ ಒಣಗಿಸಿದೆ. ಹಳೆಯ ಬೋಲ್ಟುಗಳಲ್ಲಿ ಒಂದನ್ನೂ ಮತ್ತೆ ಬಳಸಲಿಲ್ಲ. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ನಾಲ್ಕೈದು ಸುತ್ತು ಹತ್ತಿಸಿ, ಬಾಗಿಲುಗಳನ್ನು ತೆರೆದು ಮುಚ್ಚಿ, ಕೊಳವೆ ಗಾಡಿಯ ಮೈಗೆ ಸಮಾನಾಂತರವಾಗಿದೆಯೇ ಎಂದು ಎರಡು ತುದಿಯಲ್ಲೂ ಅಳೆದು, ಆಮೇಲಷ್ಟೇ ನಡುವಿನಿಂದ ತುದಿಗಳ ಕಡೆಗೆ ಬಿಗಿ ಮಾಡಿದೆ. 8.8 ದರ್ಜೆಯ ಎಂ8 ಬೋಲ್ಟು ಒಣ ಮರೆಯಲ್ಲಿ ಸಾಮಾನ್ಯವಾಗಿ ಸುಮಾರು 25 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ತಡೆದುಕೊಳ್ಳುತ್ತದೆ. ಮರೆಗೆ ಆಂಟಿ ಸೀಜ್ (ಬೋಲ್ಟು ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚಿದಾಗ ಘರ್ಷಣೆ ಕಡಿಮೆಯಾಗಿ ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಎಳೆಯಲ್ಪಡುವುದರಿಂದ ನಾನು 20ಕ್ಕೆ ನಿಲ್ಲಿಸಿದೆ; ಗಾಡಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದವರು ಅದನ್ನೇ ಅನುಸರಿಸಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದಾಗ ಎರಡು ಬೋಲ್ಟುಗಳು ಸ್ವಲ್ಪ ಸಡಿಲಿದ್ದವು. ಚಕ್ರ ಬದಲಿಸುವಾಗ ಜಾಕನ್ನು ಈ ಕೊಳವೆಗೆ ಕೊಡಬಾರದೆಂದು ಗಾಡಿ ಓಡಿಸುವ ಮನೆಯವರಿಗೆಲ್ಲ ಹೇಳಿದ್ದೇನೆ.

ಮುಂದಿನ ಚಕ್ರಗಳ ಹಿಂದೆ ಈಗ ಮೊದಲಿಗಿಂತ ಅಗಲವಾದ ಮಡ್‌ಫ್ಲ್ಯಾಪ್ ಇದೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ತುದಿ ಬಗ್ಗಿಸಿದ ತಂತಿಯೊಂದನ್ನು ಇಟ್ಟುಕೊಂಡಿದ್ದೇನೆ. ಕೆಸರಿನ ದಾರಿಯಲ್ಲಿ ಹೋಗಿಬಂದ ಮೊದಲ ಸಲ ಅದನ್ನು ಹೊಸ ಸ್ಟೆಪ್ಪಿನ ಹಿಂದಿನ ಬಸಿತೂತಿಗೆ ತೂರಿಸಿದಾಗ ಸಣ್ಣದೊಂದು ಮಣ್ಣಿನ ಉಂಡೆ ಕಳಚಿ ಬಿತ್ತು, ಅದರ ಹಿಂದೆಯೇ ಕಂದು ನೀರು ಸಣ್ಣ ಧಾರೆಯಾಗಿ ಇಳಿದು ನೆಲ ಸೇರಿತು.