ನೇಮಕಾತಿ ಪರೀಕ್ಷೆ ನ್ಯಾಯವಾಗಿದೆಯೇ? ಅಳೆದು ನೋಡುವುದು ಹೀಗೆ

ನರಿಯ ಮನೆಗೆ ಊಟಕ್ಕೆ ಹೋದ ಕೊಕ್ಕರೆಯ ಕತೆ ಎಲ್ಲರಿಗೂ ಗೊತ್ತು. ಇಬ್ಬರಿಗೂ ಒಂದೇ ಅಡುಗೆ, ಒಂದೇ ಥರದ ಅಗಲ ತಟ್ಟೆ. ನರಿ ನೆಕ್ಕಿ ಮುಗಿಸಿತು, ಕೊಕ್ಕರೆ ಹಸಿದೇ ಎದ್ದು ಬಂತು. 1971ರ ಮಾರ್ಚ್ 8ರಂದು ಅಮೆರಿಕದ ಸುಪ್ರೀಂ ಕೋರ್ಟ್, ಡ್ಯೂಕ್ ಪವರ್ ಕಂಪನಿಯ ವಿರುದ್ಧ ಅಲ್ಲಿನ ಕಪ್ಪು ವರ್ಣೀಯ ನೌಕರ ಗ್ರಿಗ್ಸ್ ಮತ್ತು ಜೊತೆಗಾರರು ಹೂಡಿದ್ದ ಪ್ರಕರಣದ ತೀರ್ಪು ಕೊಡುವಾಗ ನೆನೆದದ್ದು ಈ ಕತೆಯನ್ನೇ.

ನಾರ್ತ್ ಕ್ಯಾರೊಲಿನಾದಲ್ಲಿದ್ದ ಡ್ಯೂಕ್ ಪವರ್ ಕಂಪನಿಯ ವಿದ್ಯುತ್ ಸ್ಥಾವರದಲ್ಲಿ ಕಪ್ಪು ವರ್ಣೀಯರಿಗೆ ಸಿಗುತ್ತಿದ್ದದ್ದು ಕೂಲಿ ವಿಭಾಗದ ಕೆಲಸ ಮಾತ್ರ. ಉದ್ಯೋಗದಲ್ಲಿ ತಾರತಮ್ಯ ಮಾಡಕೂಡದೆಂಬ ಕಾನೂನು 1965ರ ಜುಲೈ 2ರಂದು ಜಾರಿಗೆ ಬಂತು. ಅದೇ ದಿನ ಕಂಪನಿ, ಉಳಿದ ವಿಭಾಗಗಳಿಗೆ ಹೊಸದಾಗಿ ಸೇರುವವರಿಗೆ ಎರಡು ಲಿಖಿತ ಪರೀಕ್ಷೆ ಗೊತ್ತುಮಾಡಿತು. ಹೈಸ್ಕೂಲ್ ಸರ್ಟಿಫಿಕೇಟೂ ಬೇಕಿತ್ತು. 1960ರ ಜನಗಣತಿಯಂತೆ ಆ ರಾಜ್ಯದಲ್ಲಿ ಹೈಸ್ಕೂಲ್ ಮುಗಿಸಿದ್ದ ಬಿಳಿಯ ಪುರುಷರು ಶೇ 34, ಕಪ್ಪು ಪುರುಷರು ಶೇ 12. ಉದ್ದೇಶ ಒಳ್ಳೆಯದಿದ್ದರೆ ಸಾಲದು, ಪರೀಕ್ಷೆಗೂ ಕೆಲಸಕ್ಕೂ ಸಂಬಂಧ ಇರಬೇಕು ಎಂದಿತು ಕೋರ್ಟ್.

ನೀವು ಎಚ್‌ಆರ್ ವಿಭಾಗದಲ್ಲಿರಲಿ, ಕಾರ್ಮಿಕ ಸಂಘದಲ್ಲಿರಲಿ, ನಿಮ್ಮಲ್ಲಿನ ಪರೀಕ್ಷೆಯನ್ನು ಒಮ್ಮೆ ತೂಗಿ ನೋಡಿ. ಕಾಗದ, ಪೆನ್ನು ಸಾಕು.

ಮೊದಲು ಎಣಿಕೆ. ಎಷ್ಟು ಜನ ಪರೀಕ್ಷೆ ಬರೆದರು, ಎಷ್ಟು ಜನ ಪಾಸಾದರು ಎಂಬುದನ್ನು ಗುಂಪುವಾರು ಬರೆದುಕೊಳ್ಳಿ. 60 ಗಂಡಸರಲ್ಲಿ 30 ಮಂದಿ, 40 ಹೆಂಗಸರಲ್ಲಿ 12 ಮಂದಿ ಪಾಸಾದರು ಅಂದುಕೊಳ್ಳೋಣ. ಅಂದರೆ ಶೇ 50 ಮತ್ತು ಶೇ 30. ಈಗ ಕಡಿಮೆಯದನ್ನು ಹೆಚ್ಚಿನದರಿಂದ ಭಾಗಿಸಿ: 30 ಭಾಗ 50, ಅಂದರೆ ಶೇ 60. 1978ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗಳು ಹೊರಡಿಸಿದ ಮಾರ್ಗಸೂಚಿಯ ‘ಐದರಲ್ಲಿ ನಾಲ್ಕು’ ಸೂತ್ರದಂತೆ ಇದು ಶೇ 80ಕ್ಕಿಂತ ಕೆಳಗಿಳಿದರೆ ಎಚ್ಚರಾಗಬೇಕು. ತಾರತಮ್ಯ ಸಾಬೀತಾಯಿತೆಂದಲ್ಲ, ವಿಚಾರಿಸಲು ಕಾರಣ ಸಿಕ್ಕಿತು ಅಷ್ಟೆ. ಹತ್ತೋ ಹನ್ನೆರಡೋ ಜನ ಬರೆದ ಪರೀಕ್ಷೆಯಲ್ಲಿ ಒಬ್ಬರಿಂದಲೇ ಲೆಕ್ಕ ತಲೆಕೆಳಗಾಗುತ್ತದೆ; ಅಲ್ಲಿ ಎರಡು ಮೂರು ವರ್ಷದ ಸಂಖ್ಯೆ ಕೂಡಿಸಿಕೊಳ್ಳಿ.

ಇನ್ನು ಪ್ರಶ್ನೆಪತ್ರಿಕೆ. ನಿಜವಾದ ಕೆಲಸ ಇರುವುದು ಇಲ್ಲೇ. ಆ ಹುದ್ದೆಯವರು ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡುತ್ತಾರೆಂದು ಅವರ ಪಕ್ಕದಲ್ಲೇ ನಿಂತು ಪಟ್ಟಿ ಮಾಡಿ. ಪ್ರತಿ ಪ್ರಶ್ನೆಯ ಎದುರು, ಇದು ಪಟ್ಟಿಯ ಯಾವ ಕೆಲಸಕ್ಕೆ ಬೇಕು ಎಂದು ಬರೆಯಿರಿ. ಪ್ಯಾಕಿಂಗ್ ವಿಭಾಗದಲ್ಲಿ ಲೆಕ್ಕ ತಪ್ಪದೆ ಪೆಟ್ಟಿಗೆ ಎಣಿಸಬೇಕಾದವರಿಗೆ ಇಂಗ್ಲಿಷ್ ಸಮಾನಾರ್ಥಕ ಪದಗಳು ಯಾಕೆ? ಉತ್ತರ ಹೊಳೆಯದಿದ್ದರೆ ಆ ಪ್ರಶ್ನೆ ತೆಗೆಯಿರಿ. ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟು ಜಾಣ ಮಕ್ಕಳು ಇಂಥ ಒಂದು ಪುಟದಿಂದ ಹೊರಗುಳಿದಿರಬಹುದು ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಈಗಾಗಲೇ ಆ ಕೆಲಸ ಚೆನ್ನಾಗಿ ಮಾಡುತ್ತಿರುವವರಿಗೂ ಅದೇ ಪತ್ರಿಕೆ ಕೊಟ್ಟು ನೋಡಿ. ಡ್ಯೂಕ್ ಪವರ್‌ನಲ್ಲಿ ಸರ್ಟಿಫಿಕೇಟಿಲ್ಲದೆ, ಪರೀಕ್ಷೆ ಬರೆಯದೆ ಮೊದಲೇ ಸೇರಿದ್ದವರು ಕೆಲಸ ಸರಿಯಾಗಿಯೇ ಮಾಡುತ್ತಿದ್ದರು. ಕಂಪನಿಯ ವಾದ ಬಿದ್ದುಹೋಗಲು ಇದೂ ಒಂದು ಕಾರಣ.

ಪರೀಕ್ಷೆ ಯಾವಾಗ, ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಿ. ನಮ್ಮ ಸೇನೆಯಲ್ಲಿ ಕಾಯಂ ಸೇವೆ ಕೋರಿದ ಮಹಿಳಾ ಅಧಿಕಾರಿಗಳಿಗೆ, ಪುರುಷರು ಸೇವೆಯ 5ನೇ ಅಥವಾ 10ನೇ ವರ್ಷದಲ್ಲಿ ಎದುರಿಸಿದ್ದ ವೈದ್ಯಕೀಯ ಮಾನದಂಡವನ್ನು, ಆ ವಯಸ್ಸು ದಾಟಿದ ಮೇಲೆ ಅನ್ವಯಿಸಲಾಗಿತ್ತು. 2021ರ ಮಾರ್ಚ್ 25ರಂದು ನಮ್ಮ ಸುಪ್ರೀಂ ಕೋರ್ಟ್ ಗ್ರಿಗ್ಸ್ ತೀರ್ಪನ್ನೂ ಪ್ರಸ್ತಾಪಿಸಿ ಇದನ್ನು ಪರೋಕ್ಷ ತಾರತಮ್ಯ ಎಂದಿತು. ಅದೇ ವರ್ಷದ ಫೆಬ್ರುವರಿಯಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ, ಅಂಗವೈಕಲ್ಯ ಶೇ 40ರಷ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಬರೆದುಕೊಡುವ ಸಹಾಯಕರನ್ನು ನಿರಾಕರಿಸಲಾಗದು ಎಂದಿತು.

ಕೊನೆಗೆ, ಪರೀಕ್ಷೆ ಕೈಬಿಡಲಾಗದಿದ್ದರೆ ಬದಲಿಸಿ. ಬಹುಆಯ್ಕೆ ಪ್ರಶ್ನೆಗಳ ಬದಲು ಅರ್ಧ ಗಂಟೆ ಆ ಕೆಲಸವನ್ನೇ ಮಾಡಿಸಿ, ಇಬ್ಬರು ಬೇರೆಬೇರೆಯಾಗಿ ಅಂಕ ಕೊಡಲಿ. ಮುಂದಿನ ನೇಮಕಾತಿ ಮುಗಿದ ವಾರವೇ ಮತ್ತೆ ಎಣಿಸಿ, ಹಳೆಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ.