ರಾತ್ರಿ ಪಾಳಿಯಲ್ಲಿ ಗಸ್ತಿನವರ ಸುರಕ್ಷತೆ: ಕಂಟ್ರೋಲ್ ರೂಮಿನಲ್ಲಿ ನಾನು ಪಾಲಿಸುವ ಕ್ರಮ

ಗಸ್ತಿನವರು ವಾಹನದಿಂದ ಕೆಳಗಿಳಿಯುವ ಮುನ್ನ ನಾನು ಮೊದಲು ಕೇಳುವುದು ಜಾಗ. ಆಮೇಲೆ ಎದುರಿನ ಗಾಡಿಯ ನಂಬರು, ಕೊನೆಗೆ ಒಳಗೆ ಎಷ್ಟು ಜನ ಎಂಬುದು. ಈ ಕ್ರಮವನ್ನು ಹಿಂದುಮುಂದು ಮಾಡುವುದಿಲ್ಲ. ಮಾತು ಅರ್ಧಕ್ಕೇ ಕಡಿದುಹೋದರೂ ಜಾಗ ಗೊತ್ತಿದ್ದರೆ ಸಹಾಯ ಕಳಿಸಬಹುದು, ಬರೀ ನಂಬರು ಇಟ್ಟುಕೊಂಡು ಎಲ್ಲಿಗೆ ಕಳಿಸುವುದು? ಪರದೆಯ ಮೇಲೆ ಜಿಪಿಎಸ್ ಚುಕ್ಕೆ ಇದೆಯಲ್ಲ ಎನ್ನುವವರಿದ್ದಾರೆ. ಆ ಚುಕ್ಕೆ ವಾಹನದ್ದಾದರೆ, ಇಳಿದು ಓಣಿಯೊಳಗೆ ಓಡಿದ ಮನುಷ್ಯ ಎಲ್ಲಿದ್ದಾನೆಂದು ಅದು ತೋರಿಸುವುದಿಲ್ಲ. ಅದು ಎಷ್ಟು ಹೊತ್ತಿನ ಹಿಂದಿನದು ಎಂದು ನೋಡದೆ ನಾನು ನಂಬುವುದೂ ಇಲ್ಲ.

ಇಳಿದವರನ್ನು ವಾಕಿಟಾಕಿಯಲ್ಲಿ ಮತ್ತೆ ಕರೆದು ವಿಚಾರಿಸಲು ನೆನಪಿಸುವ ಟೈಮರ್ ಹೀಗೆ ಇಡುತ್ತೇನೆ: ಒಬ್ಬರೇ ವಾಹನ ತಡೆದಿದ್ದರೆ 3 ನಿಮಿಷ, ಇಬ್ಬರು ಸೇರಿ ಮನೆಜಗಳಕ್ಕೆ ಹೋಗಿದ್ದರೆ 5 ನಿಮಿಷ, ಖಾಲಿ ಕಟ್ಟಡದೊಳಗೆ ಹುಡುಕಾಟ ನಡೆದಿದ್ದರೆ 2 ನಿಮಿಷ. ಇಲಾಖೆಯ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದೇ ಅಂತಿಮ. ವರದಿ ಬರೆಯಲೆಂದು ಪಕ್ಕಕ್ಕೆ ನಿಲ್ಲಿಸಿದ ವಾಹನವನ್ನು ಬಹಳ ಜನ ಮರೆತುಬಿಡುತ್ತಾರೆ. ಕತ್ತಲಲ್ಲಿ ಒಳಗಿನ ದೀಪ ಹಾಕಿಕೊಂಡು ಕೂತವರಿಗೆ ಹೊರಗೆ ಯಾರು ಬಂದರೂ ಕಾಣುವುದಿಲ್ಲ, ಹೊರಗಿನವರಿಗೆ ಮಾತ್ರ ಇವರು ಚೆನ್ನಾಗಿ ಕಾಣುತ್ತಾರೆ. ಅವರನ್ನೂ 20 ನಿಮಿಷಕ್ಕೊಮ್ಮೆ ಕರೆಯುತ್ತೇನೆ.

ಟೈಮರ್ ಕೆಡುವುದು ಕಡಿಮೆ, ಕೆಡುವುದು ಅಭ್ಯಾಸ. ಬೀಪ್ ಕೇಳಿದ ಕೂಡಲೇ ಕೈ ತಾನಾಗಿ ರೀಸೆಟ್ ಒತ್ತುತ್ತದೆ, ಕರೆಯುವುದೇ ಮರೆಯುತ್ತದೆ. ಬೆಳಗಿನ ಜಾವ 3ರಿಂದ 5ರವರೆಗೆ ಈ ತಪ್ಪು ಹೆಚ್ಚು, ದೇಹದ ಎಚ್ಚರ ಕುಗ್ಗುವ ಹೊತ್ತದು. ಅದಕ್ಕೇ ಆ ಹೊತ್ತಿನಲ್ಲಿ ಎದ್ದು ನಿಂತೇ ಕರೆಯುತ್ತೇನೆ, ಅವರ ದನಿ ಕಿವಿಗೆ ಬಿದ್ದ ಮೇಲಷ್ಟೇ ರೀಸೆಟ್.

‘ಎಲ್ಲ ಸರಿಯಾಗಿದೆಯಾ?’ ಎಂದು ನಾನು ಕೇಳುವುದಿಲ್ಲ. ಪಕ್ಕದಲ್ಲಿ ಚಾಕು ಹಿಡಿದವನಿದ್ದರೂ ಅದಕ್ಕೆ ‘ಹೂಂ’ ಎಂದು ಉತ್ತರ ಬಂದೀತು. ‘ಈಗ ಎಲ್ಲಿದ್ದೀರಿ, ಎದುರಿಗೆ ಎಷ್ಟು ಜನ?’ ಎಂದರೆ ನಾಲ್ಕು ಮಾತು ಆಡಲೇಬೇಕು. ಏದುಸಿರು, ತಡವರಿಕೆ, ಹಿಂದಿನ ಕೂಗಾಟ ಅದರಲ್ಲೇ ಗೊತ್ತಾಗುತ್ತದೆ. ಒತ್ತಡದಲ್ಲಿದ್ದಾಗ ಹೇಳಲೆಂದು ಮೊದಲೇ ಒಪ್ಪಿಕೊಂಡ ಒಂದು ಸಂಕೇತಪದವೂ ಇರಬೇಕು. ಅದು ಸಾಮಾನ್ಯ ಮಾತಿನಂತೆ ಕೇಳಿಸಬೇಕು, ಆದರೆ ದಿನದ ಸಂಭಾಷಣೆಯಲ್ಲಿ ಅಪ್ಪಿತಪ್ಪಿ ಬರುವಂಥದ್ದಾಗಬಾರದು. ಆ ಪದ ಬಂದರೆ ತಿರುಗಿ ಉಚ್ಚರಿಸುವುದಿಲ್ಲ, ದನಿ ಬದಲಿಸುವುದಿಲ್ಲ. ‘ಸರಿ, ಬರೆದುಕೊಂಡೆ’ ಎಂದಷ್ಟೇ ಹೇಳಿ, ಅವರ ವಾಕಿಟಾಕಿಯಲ್ಲಿ ಕೇಳಿಸದಂತೆ ಬೇರೆ ದಾರಿಯಲ್ಲಿ ಸಹಾಯ ಕಳಿಸುತ್ತೇನೆ.

ಸದ್ದಿಲ್ಲದೆ ಸಮೀಪಿಸುತ್ತಿರುವ ಗಸ್ತಿನವರನ್ನು ಮಾತಾಡಿಸಿದರೆ ಅವರಿರುವ ಜಾಗ ಬಯಲಾಗುತ್ತದೆ. ಅಂಥವರು ಮೈಕಿನ ಗುಂಡಿಯನ್ನು ಎರಡು ಸಲ ಒತ್ತಿದರೆ ಸಾಕೆಂದು ಮೊದಲೇ ಮಾತಾಗಿರುತ್ತದೆ. ಒತ್ತಿದ ವಾಕಿಟಾಕಿ ಸೆಟ್ಟಿನ ಗುರುತು ನನ್ನ ಪರದೆಯಲ್ಲಿ ಮೂಡುವ ವ್ಯವಸ್ಥೆ ಇದ್ದರೆ ಮಾತ್ರ ಇದು ಉತ್ತರ. ಇಲ್ಲದಿದ್ದರೆ ಆ ಕ್ಲಿಕ್ ಯಾರದ್ದೂ ಆಗಿರಬಹುದು.

ಉತ್ತರ ಬರದಿದ್ದರೆ? ಒಮ್ಮೆ ಕರೆದು 10 ಸೆಕೆಂಡು ಎಣಿಸುತ್ತೇನೆ. ಎರಡನೇ ಸಲ ಕರೆಯುವಾಗ ಕೊನೆಯ ಜಾಗವನ್ನೂ ಸೇರಿಸಿ ಹೇಳುತ್ತೇನೆ, ಎಲ್ಲರಿಗೂ ಕೇಳಿಸಲಿ ಎಂದು. ಮತ್ತೆ 10 ಸೆಕೆಂಡು ಮೌನವಾದರೆ ಹತ್ತಿರದ ಎರಡು ವಾಹನಗಳು ಹೊರಟಾಗಿರಬೇಕು. ಬೇರೆ ಚಾನೆಲ್‌ನಲ್ಲಿ ಕೂಗುವುದು, ಮೊಬೈಲ್‌ಗೆ ಕರೆ ಮಾಡುವುದು, ಮೇಲಧಿಕಾರಿಗೆ ತಿಳಿಸುವುದು ಎಲ್ಲ ಆ ವಾಹನಗಳು ದಾರಿಯಲ್ಲಿರುವಾಗ. ಉಳಿದವರು ಚಾನೆಲ್ ಖಾಲಿ ಬಿಡಬೇಕು. ಬ್ಯಾಟರಿ ಮುಗಿದಿರಬಹುದು, ನೆಲಮಾಳಿಗೆಯಲ್ಲಿ ಇರಬಹುದು, ಚಾನೆಲ್ ತಿರುವಿ ಹೋಗಿರಬಹುದು, ನಿಜ. ಆದರೆ ನಾನು ಕೂತ ಕುರ್ಚಿಗೆ ಸತ್ತ ಬ್ಯಾಟರಿಯೂ ನೆಲಕ್ಕೆ ಬಿದ್ದ ಮನುಷ್ಯನೂ ಒಂದೇ ಥರ ಕೇಳಿಸುತ್ತಾರೆ. ಹೊರಟ ವಾಹನವನ್ನು ಒಂದು ಮಾತಿನಲ್ಲಿ ವಾಪಸ್ ಕರೆಯಬಹುದು, ಕಳೆದ ನಿಮಿಷಗಳನ್ನು ಕರೆಯಲಾಗದು.

ಆ ಸುಳ್ಳು ಮೌನಗಳನ್ನು ಪಾಳಿಯ ಶುರುವಿನಲ್ಲೇ ಕಡಿಮೆ ಮಾಡಬಹುದು. ಕೈಯಲ್ಲಿ ಹಿಡಿಯುವ ಸೆಟ್ಟಿನ ಶಕ್ತಿ ಸಾಮಾನ್ಯವಾಗಿ 5 ವ್ಯಾಟ್ ಅಥವಾ ಅದಕ್ಕಿಂತ ಕಡಿಮೆ, ವಾಹನದ್ದು ಅದರ ಹಲವು ಪಟ್ಟು. ವಾಹನದ ಸೆಟ್ಟಿನಲ್ಲಿ ಪರೀಕ್ಷಿಸಿ ‘ಚೆನ್ನಾಗಿ ಕೇಳುತ್ತಿದೆ’ ಎಂದರೆ ಪ್ರಯೋಜನವಿಲ್ಲ, ಸೊಂಟದಲ್ಲಿರುವುದನ್ನೇ ಪರೀಕ್ಷಿಸಬೇಕು. ಬ್ಯಾಟರಿ ಪೆಟ್ಟಿಗೆಯ ಮೇಲೆ ಬರೆದಿರುವ ಬಾಳಿಕೆಯ ಗಂಟೆಗಳು ಹೆಚ್ಚಾಗಿ ಶೇ 5 ಮಾತು, ಶೇ 5 ಆಲಿಸುವಿಕೆ, ಶೇ 90 ಸುಮ್ಮನಿರುವಿಕೆ ಎಂಬ ಲೆಕ್ಕದವು. ಗದ್ದಲದ ರಾತ್ರಿಯಲ್ಲಿ ಅಷ್ಟು ಬಾಳಿಕೆ ಬರುವುದಿಲ್ಲ. ನಡುಪಾಳಿಯಲ್ಲಿ ಬದಲಿಸಿಬಿಡುವುದೇ ಲೇಸು. ತುರ್ತು ಗುಂಡಿಯನ್ನೂ ಒಬ್ಬೊಬ್ಬರಿಂದಲೂ ಒತ್ತಿಸಿ ನೋಡುತ್ತೇನೆ. ಪರದೆಯಲ್ಲಿ ಮೂಡಿದ ಹೆಸರು, ಸೆಟ್ ಹಿಡಿದವರ ಹೆಸರು ಒಂದೇ ಆಗಿರಬೇಕು. ಚಾರ್ಜರ್ ಬಳಿ ಸೆಟ್‌ಗಳು ಅದಲುಬದಲಾದರೆ ಸಹಾಯ ತಪ್ಪು ಜಾಗಕ್ಕೆ ಓಡುತ್ತದೆ. ನಾನು ಎಲ್ಲಕ್ಕಿಂತ ಹೆಚ್ಚು ಹೆದರುವ ದೋಷ ಇದು.

ಪಾಳಿ ಒಪ್ಪಿಸುವಾಗ ಪರದೆ ತೋರಿಸಿ ಎದ್ದುಹೋಗುವುದಿಲ್ಲ. ಯಾರು ಎಲ್ಲಿದ್ದಾರೆ, ಕೊನೆಯ ಸಲ ದನಿ ಕೇಳಿದ್ದು ಎಷ್ಟು ಗಂಟೆಗೆ ಎಂದು ಒಬ್ಬೊಬ್ಬರದ್ದೂ ಬಾಯಲ್ಲಿ ಹೇಳುತ್ತೇನೆ. ಬಂದವರು ತಮ್ಮ ದನಿಯಲ್ಲೇ ಎಲ್ಲರನ್ನೂ ಒಮ್ಮೆ ಕರೆಯುತ್ತಾರೆ. ಕೊನೆಯವರ ಉತ್ತರ ಬಂದ ಮೇಲೆ ನಾನು ಹೆಡ್‌ಸೆಟ್ ತೆಗೆಯುತ್ತೇನೆ.